ಅಪ್ಪಯ್ಯನ ಉಚ್ಚೆ ಮಾತ್ರೆಯ ಲೆಕ್ಕ

ಎರಡು ವರ್ಷದ ಹಿಂದಿನ ಆಗಸ್ಟ್. ಅಪ್ಪಯ್ಯನ ಬಿಳಿ ಅಂಗಿಯನ್ನು ಮೆಷಿನ್‌ಗೆ ಹಾಕುವ ಮೊದಲು ಜೇಬಿಗೆ ಕೈ ಹಾಕಿದೆ. ಒಂದು ಲೋಕಲ್ ಟಿಕೆಟ್, ಎರಡು ಹೋಳು ಅಡಿಕೆ, ಮತ್ತೊಂದು ಕಾಗದದ ಪೊಟ್ಟಣ. ಬಿಚ್ಚಿದರೆ ಒಳಗೆ ಏಳು ಅರ್ಧ ಮಾತ್ರೆ. ಬಿಳಿ ಬಣ್ಣ, ನಡುವೆ ನೀಟಾಗಿ ಮುರಿದದ್ದು. ಗುರುತು ಹಿಡಿಯಲು ಹೊತ್ತು ಬೇಕಾಗಲಿಲ್ಲ. ದಿನಾ ಬೆಳಿಗ್ಗೆ ನಾನೇ ಸ್ಟೀಲ್ ಲೋಟದ ಪಕ್ಕ ಇಟ್ಟು ಹೋಗುತ್ತಿದ್ದ ಫ್ಯುರೊಸೆಮೈಡ್ 40 ಮಿಲಿಗ್ರಾಂ ಅದು. ಹೃದಯ ಸೋತಾಗ ಮೈಯಲ್ಲಿ ನಿಲ್ಲುವ ನೀರನ್ನು ಉಚ್ಚೆಯಲ್ಲಿ ಇಳಿಸುವ ಮದ್ದು, ನಮ್ಮ ಮನೆಯ ಭಾಷೆಯಲ್ಲಿ ಉಚ್ಚೆ ಮಾತ್ರೆ.

ಆ ಹೊತ್ತಿಗೆ ಅಪ್ಪಯ್ಯ ಮನೆಯಲ್ಲಿರಲಿಲ್ಲ. ಆಸ್ಪತ್ರೆಯಲ್ಲಿದ್ದರು. ಹಿಂದಿನ ರಾತ್ರಿ ಮಲಗಿದರೆ ಉಸಿರು ಸಿಗುತ್ತಿಲ್ಲ ಅಂತ ಇಡೀ ರಾತ್ರಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಬೆಳಿಗ್ಗೆ ನೋಡಿದರೆ ಚಪ್ಪಲಿಯ ಪಟ್ಟಿ ಪಾದಕ್ಕೆ ಏರುತ್ತಿಲ್ಲ. ಬೆರಳಿಟ್ಟು ಒತ್ತಿದರೆ ಕುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಆಸ್ಪತ್ರೆಯ ತಕ್ಕಡಿಯಲ್ಲಿ ಐದು ಕಿಲೋ ಜಾಸ್ತಿ. "ಮಾತ್ರೆ ಸರಿಯಾಗಿ ಕೊಡ್ತೀರಾ?" ಅಂತ ಡ್ಯೂಟಿ ಡಾಕ್ಟರು ಕೇಳಿದಾಗ ನಾನು ಎದೆ ಮುಂದೆ ಮಾಡಿ "ಒಂದು ದಿನವೂ ತಪ್ಪಿಲ್ಲ" ಅಂದಿದ್ದೆ. ಅಂಗಿ ಒಗೆಯಲು ಮನೆಗೆ ಬಂದವಳಿಗೆ ಈ ಪೊಟ್ಟಣ ಸಿಕ್ಕಿತು. ಕೊಡುವುದಕ್ಕೂ ಹೊಟ್ಟೆಗೆ ಹೋಗುವುದಕ್ಕೂ ನಡುವೆ ಎಷ್ಟು ದೂರ ಇದೆ ಅಂತ ಅವತ್ತಿನಿಂದ ಯೋಚಿಸುತ್ತಾ ಇದ್ದೇನೆ. ಈಗಲೂ ಪೂರ್ತಿ ಮುಗಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಏಳು ಅರ್ಧಗಳು ಯಾಕೆ ಅನ್ನುವುದಕ್ಕೆ ಉತ್ತರ ಟಿಕೆಟ್‌ನಲ್ಲೇ ಇತ್ತು. ಡೊಂಬಿವಲಿಯಿಂದ ಮಾಟುಂಗಾ. ಮುಂಬೈಯ ಕರಾವಳಿ ಜನಕ್ಕೆ ಬಿಡಿಸಿ ಹೇಳಬೇಕಿಲ್ಲ. ಊರಲ್ಲಿ ಮಳೆಗಾಲಕ್ಕೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರು ಇಲ್ಲಿಗೆ ಬರುತ್ತಾರೆ. ಜುಲೈ, ಆಗಸ್ಟ್ ಅಂದರೆ ಇಲ್ಲಿ ಆಟದ, ಅಂದರೆ ಯಕ್ಷಗಾನದ ಕಾಲ. ಮಾಟುಂಗಾ, ಮುಲುಂಡ್, ಡೊಂಬಿವಲಿ, ಎಲ್ಲಿ ಹಾಲ್ ಸಿಕ್ಕಿದರೂ ಚೆಂಡೆ. ಅಪ್ಪಯ್ಯ ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯ ಹಳ್ಳಿಯಿಂದ ಬಂದು ಫೋರ್ಟ್‌ನ ಹೋಟೆಲಿನಲ್ಲಿ ಟೇಬಲ್ ಒರೆಸಿದವರು. ರಾತ್ರಿ ಶಾಲೆಯಲ್ಲಿ ಕಲಿತು ಕೊನೆಗೆ ಗಲ್ಲಾದಲ್ಲಿ ಕೂತವರು. ಅವರ ಜೀವನದಲ್ಲಿ ರಜೆ ಅಂತ ಒಂದಿದ್ದರೆ ಅದು ಆಟದ ದಿನ. ಹೃದಯ ಅರ್ಧ ಕೆಲಸ ಮಾಡಿದರೂ ಆಟ ತಪ್ಪಿಸುವ ಜನ ಅಲ್ಲ.

ಈಗ ಲೆಕ್ಕ ಹಾಕಿ. ಮಾತ್ರೆ ನುಂಗಿ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಕೆಲಸ ಶುರು. ಒಂದೆರಡು ಗಂಟೆಯಲ್ಲಿ ಅದರ ಜೋರು. ಈ ಮಾತ್ರೆಗೆ ಕಂಪನಿ ಇಟ್ಟ ಲಾಸಿಕ್ಸ್ ಅನ್ನುವ ಹೆಸರು ಹುಟ್ಟಿದ್ದೇ 'ಲಾಸ್ಟ್ಸ್ ಸಿಕ್ಸ್', ಅಂದರೆ ಆರು ಗಂಟೆ ಇರುತ್ತದೆ ಅನ್ನುವುದರಿಂದ ಅಂತಾರೆ. ಡೊಂಬಿವಲಿಯಿಂದ ಫಾಸ್ಟ್ ಹಿಡಿದರೂ ದಾದರ್‌ಗೆ ಹತ್ತಿರ ಹತ್ತಿರ ಒಂದು ಗಂಟೆ. ಅಲ್ಲಿ ಇಳಿದು ಸ್ಲೋ ಹಿಡಿದು ಒಂದು ಸ್ಟೇಶನ್ ಹಿಂದೆ ಬರಬೇಕು. ನಮ್ಮ ಲೋಕಲ್ ಗಾಡಿಯಲ್ಲಿ ಶೌಚಾಲಯ ಇಲ್ಲ. ಸ್ಟೇಶನ್ನಿನದ್ದು ಪ್ಲಾಟ್‌ಫಾರ್ಮಿನ ಆ ತುದಿಗೆ. ಎಪ್ಪತ್ತಮೂರು ವರ್ಷದ ಗಂಡಸು, ಶಿಸ್ತಿನ ಇಸ್ತ್ರಿ ಪಂಚೆ, ಗುರುತಿನವರು ತುಂಬಿದ ಹಾಲು. ಆಟದ ನಡುವೆ ಐದು ಸಲ ಎದ್ದು ಹೋಗುವುದು, ಅಥವಾ ಹೋಗುವುದರೊಳಗೆ ಆಗಬಾರದ್ದು ಆಗಿಬಿಡುವುದು. ಇದನ್ನು ನಾನು ಒಂದು ದಿನವೂ ಕೇಳಿರಲಿಲ್ಲ. "ಮಾತ್ರೆ ತಕಂಡ್ಯಾ ಅಪ್ಪಯ್ಯ?" ಅಂತ ಕೇಳುತ್ತಿದ್ದೆ. "ಹೂಂ, ತಕಂಡೆ" ಅನ್ನುತ್ತಿದ್ದರು. ಸುಳ್ಳಲ್ಲ. ಅರ್ಧ ತಕೊಂಡಿದ್ದರು.

ಅರ್ಧ ಮಾತ್ರೆಗೆ ಅರ್ಧ ಕೆಲಸ ಅಲ್ಲ

ವಾರ್ಡಿನಲ್ಲಿ ಪೊಟ್ಟಣ ತೋರಿಸಿದಾಗ ಹೃದಯದ ಡಾಕ್ಟರು ಬೈಯಲಿಲ್ಲ. ಮರಾಠಿಯವರು. "ಕಾಕಾ, ಪೂರ್ತಿ ಬಿಡೋ ಬದಲು ಅರ್ಧ ಅಂತ ಯಾಕೆ ಮಾಡಿದ್ರಿ?" ಅಂತ ಹಿಂದಿಯಲ್ಲಿ ಕೇಳಿದರು. ಅಪ್ಪಯ್ಯ ಆಕ್ಸಿಜನ್ ನಳಿಕೆಯ ನಡುವೆಯೇ ಉತ್ತರ ಕೊಟ್ಟರು. ಪೂರ್ತಿ ಬಿಟ್ಟರೆ ತಪ್ಪು, ಅರ್ಧ ತಗೊಂಡರೆ ಅರ್ಧ ಉಚ್ಚೆಯಾದರೂ ಹೋಗುತ್ತದಲ್ಲ, ಉಳಿದದ್ದು ನಾಳೆ ನೋಡುವ. ಹೋಟೆಲಿನವರ ನ್ಯಾಯ ಇದು. ಅರ್ಧ ಪ್ಲೇಟ್‌ಗೆ ಅರ್ಧ ಅನ್ನ.

ಆದರೆ ಈ ಜಾತಿಯ ಮಾತ್ರೆ ಹಾಗೆ ಕೆಲಸ ಮಾಡುವುದಿಲ್ಲವಂತೆ. ಇದಕ್ಕೊಂದು ಹೊಸ್ತಿಲಿದೆ. ಮೂತ್ರಪಿಂಡದ ಕೊಳವೆಯೊಳಗೆ ಇಂತಿಷ್ಟು ಮದ್ದು ತಲುಪುವವರೆಗೆ ಹೆಚ್ಚುಕಮ್ಮಿ ಏನೂ ಆಗುವುದಿಲ್ಲ. ಹೊಸ್ತಿಲು ದಾಟಿತೋ, ಧೋ ಅಂತ ಹೋಗುತ್ತದೆ. ಅದಕ್ಕೊಂದು ಮಾಡೂ, ಅಂದರೆ ಸೂರೂ ಇದೆ. ಅಲ್ಲಿಗೆ ಮುಟ್ಟಿದ ಮೇಲೆ ಒಂದೇ ಸಲಕ್ಕೆ ಎಷ್ಟು ಸುರಿದರೂ ಹೊಸದಾಗಿ ಏನೂ ಸಿಗುವುದಿಲ್ಲ, ತೊಂದರೆ ಮಾತ್ರ ಜಾಸ್ತಿ. 40ಕ್ಕೆ ಹೊಸ್ತಿಲು ದಾಟುವ ಮನುಷ್ಯನಿಗೆ 20 ಕೊಟ್ಟರೆ ಅರ್ಧ ಅಲ್ಲ, ಸೊನ್ನೆಯೂ ಆಗಬಹುದು. ಬೆಳಿಗ್ಗೆ 20, ಸಂಜೆ 20 ಅಂತ ಒಡೆದು ಕೊಟ್ಟರೂ ಒಂದು 40 ಆಗುವುದಿಲ್ಲ. ಹೃದಯ ಸೋತವರಲ್ಲಿ, ಕಿಡ್ನಿ ಕೆಟ್ಟವರಲ್ಲಿ ಆ ಹೊಸ್ತಿಲು ಇನ್ನೂ ಎತ್ತರ. ಅದಕ್ಕೇ ಒಬ್ಬರಿಗೆ 20 ಸಾಕಾದರೆ ಇನ್ನೊಬ್ಬರಿಗೆ 80 ಬೇಕು. ಪಕ್ಕದ ಮನೆಯವರ ಡೋಸ್ ಕೇಳಿ ನಮ್ಮದನ್ನು ಅಳೆಯುವುದರಲ್ಲಿ ಅರ್ಥ ಇಲ್ಲ. ನಮ್ಮ ಬಿಲ್ಡಿಂಗಿನಲ್ಲಿ ದಿನಾ ನಡೆಯುವುದು ಅದೇ ಅನ್ನಿ.

ಒಂದು ವಿಷಯ ನನಗೆ ಬಹಳ ಹಿಡಿಸಿತು. ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತದೆ. ಒಂದೂವರೆ, ಎರಡು ಲೀಟರ್ ಬಿಟ್ಟು ಉಳಿದದ್ದನ್ನೆಲ್ಲ ವಾಪಸ್ ಎಳೆದುಕೊಳ್ಳುತ್ತದೆ. ಕೊಳವೆ ಒಂದು ಕಡೆ ಕೆಳಗಿಳಿದು ಹೇರ್‌ಪಿನ್ನಿನ ಹಾಗೆ ಬಾಗಿ ಮೇಲೇರುತ್ತದೆ. 1862ರಲ್ಲಿ ಅದನ್ನು ವಿವರಿಸಿದ ಜರ್ಮನ್ ಅಂಗರಚನಾ ತಜ್ಞ ಹೆನ್ಲೆಯ ಹೆಸರೇ ಅದಕ್ಕೆ ನಿಂತಿದೆ, ಹೆನ್ಲೆಯ ಲೂಪ್. ಆ ಮೇಲೇರುವ ಭಾಗದಲ್ಲಿ ಸೋಸಿದ ಸೋಡಿಯಂನ ನಾಲ್ಕನೇ ಒಂದು ಪಾಲು ವಾಪಸ್ ಹೋಗುತ್ತದೆ. ಈ ಮಾತ್ರೆ ಅಲ್ಲಿ ಬಾಗಿಲಿಗೆ ಚಿಲಕ ಹಾಕುತ್ತದೆ. ಉಪ್ಪು ಕೊಳವೆಯೊಳಗೇ ಉಳಿಯುತ್ತದೆ, ಉಪ್ಪಿನ ಹಿಂದೆ ನೀರು, ಎರಡೂ ಉಚ್ಚೆಯಲ್ಲಿ ಹೊರಗೆ. ಜೊತೆಗೆ ಪೊಟ್ಯಾಸಿಯಂ, ಮೆಗ್ನೀಸಿಯಂ ಕೂಡ ಗುಂಪಿನಲ್ಲಿ ಗೋವಿಂದ ಅಂತ ಹೋಗಿಬಿಡುತ್ತವೆ. ಮದ್ದಿನ ಶಕ್ತಿ, ಅಪಾಯ ಎರಡೂ ಅದೇ ಬಾಗಿಲಿನಲ್ಲಿವೆ.

ಬಾಯಿಂದ ನುಂಗಿದ ಫ್ಯುರೊಸೆಮೈಡ್ ರಕ್ತಕ್ಕೆ ಎಷ್ಟು ಸೇರುತ್ತದೆ ಅನ್ನುವುದೂ ಒಂದೇ ರೀತಿ ಇಲ್ಲ. ಸರಾಸರಿ ಅರ್ಧ. ಆದರೆ ನೂರರಲ್ಲಿ ಹತ್ತರಿಂದ ಹಿಡಿದು ಪೂರ್ತಿ ನೂರರವರೆಗೆ ಹೆಚ್ಚುಕಮ್ಮಿ ಆಗಬಹುದು. ಕರುಳಿಗೂ ಬಾವು ಬಂದಾಗ ಅದು ಸೇರುವುದು ಇನ್ನೂ ನಿಧಾನ. ಅದಕ್ಕೇ ಹೀಗೆ ಊದಿಕೊಂಡು ಬಂದವರಿಗೆ ಮಾತ್ರೆ ಬಿಟ್ಟು ಸೂಜಿಯಲ್ಲಿ ಕೊಡುತ್ತಾರೆ. ಸೂಜಿಯಲ್ಲಿ 20 ಅಂದರೆ ಮಾತ್ರೆಯ 40ಕ್ಕೆ ಸಮ. ಇದನ್ನು ಕೇಳಿದಾಗ ಅಪ್ಪಯ್ಯನ ಅರ್ಧದ ಅರ್ಧ ಎಷ್ಟು ಉಳಿದಿರಬಹುದು ಅಂತ ಮನಸ್ಸಿನಲ್ಲೇ ಗುಣಿಸಿ ಸುಮ್ಮನಾದೆ.

ಅಲ್ಲಿ ನರ್ಸ್ ಕೆಲಸ ಮಾಡುವುದನ್ನು ನೋಡುವುದೇ ಒಂದು ಪಾಠ. ಕೇರಳದ ಹುಡುಗಿ. ಸೂಜಿಯ ಮದ್ದನ್ನು ಗಡಿಯಾರ ನೋಡಿಕೊಂಡು ನಿಧಾನ ಹಾಕುತ್ತಿದ್ದಳು. ನನಗೆ ಅವಸರ. "ಬೇಗ ಹಾಕಿದರೆ ಕಿವಿ ಹೋಗುತ್ತದೆ ದೀದಿ" ಅಂದಳು. ತಮಾಷೆ ಅಂದುಕೊಂಡೆ. ಅಲ್ಲ. ದೊಡ್ಡ ಡೋಸ್ ರಭಸದಲ್ಲಿ ಒಳಗೆ ಹೋದರೆ ಕಿವಿಯಲ್ಲಿ ಗುಂಯ್ ಅನ್ನುವುದು, ಕೇಳಿಸದೆ ಇರುವುದು ನಿಜಕ್ಕೂ ಆಗುತ್ತದೆ. ಅದಕ್ಕೇ ಜಾಸ್ತಿ ಡೋಸ್ ಆದರೆ ನಿಮಿಷಕ್ಕೆ 4 ಮಿಲಿಗ್ರಾಂಗಿಂತ ವೇಗ ಬೇಡ ಅನ್ನುವ ನಿಯಮ. ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಆಂಟಿಬಯಾಟಿಕ್ ಜೊತೆಗಿದ್ದರೆ ಇನ್ನೂ ಅಪಾಯ. ಆಮೇಲೆ ಮೂತ್ರದ ಚೀಲ. ಗಂಟೆ ಗಂಟೆಗೆ ಬಗ್ಗಿ ನೋಡಿ ಚೀಟಿಯಲ್ಲಿ ಬರೆಯುತ್ತಿದ್ದಳು. ಮೊದಲ ಆರು ಗಂಟೆಯಲ್ಲಿ ಗಂಟೆಗೆ ನೂರು, ನೂರೈವತ್ತು ಮಿ.ಲೀ. ಆದರೂ ಬರಬೇಕು, ಬರದಿದ್ದರೆ ಡೋಸ್ ಎರಡು ಪಟ್ಟು ಮಾಡುತ್ತಾರೆ. ಅಪ್ಪಯ್ಯನಿಗೆ ಮೊದಲ ಸೂಜಿಗೆ ಬರಲಿಲ್ಲ. ಎರಡನೆಯದಕ್ಕೆ ಬಂತು. ಬೆಳಗಾಗುವಷ್ಟರಲ್ಲಿ ಎರಡೂವರೆ ಲೀಟರ್. ಅಮ್ಮ ಚೀಲದ ಕಡೆ ನೋಡಿ ಕೈ ಮುಗಿದಳು. ನಾನು ನಕ್ಕುಬಿಟ್ಟೆ, ಆಮೇಲೆ ಅತ್ತೆ.

ಅಮ್ಮನ ಕೈ ಮುಗಿಯುವುದಕ್ಕೂ ಕಾರಣ ಇತ್ತು. ಅವಳ ಅಜ್ಜಯ್ಯ ಊರಿನಲ್ಲಿ ಹೀಗೇ ಕಾಲು ಊದಿ, ಹೊಟ್ಟೆ ಊದಿ, ಜಗಲಿಯ ಕಂಬಕ್ಕೆ ಒರಗಿ ಕೂತೇ ಹೋದವರು. "ಕಾಲಿಗೆ ನೀರು ಇಳಿದರೆ ಮತ್ತೆ ಏಳುವುದಿಲ್ಲ" ಅಂತ ಆಗಿನ ಮಾತು. ಆ ಕಾಲದಲ್ಲಿ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ಪಾದರಸದ ಸೂಜಿ ಹಾಕುತ್ತಿದ್ದರಂತೆ. ಈಗ ಮೆಡಿಕಲ್‌ನಲ್ಲಿ ಸಲೀಸಾಗಿ ಸಿಗುವ ಫ್ಯುರೊಸೆಮೈಡ್ ಬಂದದ್ದೇ 1960ರ ದಶಕದಲ್ಲಿ.

ಗಲ್ಲಾದ ಪುಸ್ತಕ

ಬಿಡುಗಡೆಯ ದಿನ ಮಾತ್ರೆ ಬದಲಾಯಿತು. ಫ್ಯುರೊಸೆಮೈಡ್ 40ರ ಜಾಗದಲ್ಲಿ ಟಾರ್ಸೆಮೈಡ್ 20. ಅಮ್ಮನಿಗೆ ಖುಷಿ, "ಅರ್ಧಕ್ಕರ್ಧ ಕಡಿಮೆ ಮಾಡಿದ್ರು." ಕಡಿಮೆ ಅಲ್ಲ. ಇದರ 20 ಅದರ 40ಕ್ಕೆ ಸಮ. ಬುಮೆಟನೈಡ್ ಅಂತ ಇನ್ನೊಂದಿದೆ, ಅದರ 1 ಇದಕ್ಕೆಲ್ಲ ಸಮ. ಹೊಸ ಸ್ಟ್ರಿಪ್ ಬಂದಾಗ ಸಂಖ್ಯೆ ನೋಡಿ ಹಳೆಯದರ ಜೊತೆ ಹೋಲಿಸಿ ತಾವೇ ಎರಡು ನುಂಗುವವರು, ಅಥವಾ ಹಳೆಯ ಸ್ಟ್ರಿಪ್ ಖಾಲಿಯಾಗಲಿ ಅಂತ ಎರಡನ್ನೂ ನುಂಗುವವರು ಇದ್ದಾರೆ. ಹಾಗಾಗಿ ಹಳೆಯದನ್ನು ನಾನು ಅವತ್ತೇ ಎಸೆದೆ.

ಟಾರ್ಸೆಮೈಡ್ ರಕ್ತಕ್ಕೆ ಸೇರುವುದು ಹೆಚ್ಚು ಸಮನಾಗಿ, ನೂರರಲ್ಲಿ ಎಂಬತ್ತರ ಮೇಲೆ. ಹಾಗಾದರೆ ಇದೇ ಒಳ್ಳೆಯದಲ್ವಾ, ಮೊದಲೇ ಯಾಕೆ ಕೊಡಲಿಲ್ಲ ಅಂತ ಸ್ವಲ್ಪ ಜೋರಾಗೇ ಕೇಳಿದೆ. ಡಾಕ್ಟರು ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಅಧ್ಯಯನದ ಮಾತು ಹೇಳಿದರು. ಟ್ರಾನ್ಸ್‌ಫಾರ್ಮ್ ಎಚ್‌ಎಫ್ ಅಂತ ಅದರ ಹೆಸರು, 2023ರಲ್ಲಿ ಪ್ರಕಟವಾದದ್ದು. 2859 ಜನ ರೋಗಿಗಳು, ಒಂದು ಗುಂಪಿಗೆ ಇದು, ಇನ್ನೊಂದಕ್ಕೆ ಅದು. ಎರಡು ಗುಂಪಿನಲ್ಲೂ ಸತ್ತವರು ನೂರಕ್ಕೆ ಇಪ್ಪತ್ತಾರು ಚಿಲ್ಲರೆ. ಏನೂ ವ್ಯತ್ಯಾಸವಿಲ್ಲ. "ಯಾವ ಮಾತ್ರೆ ಅನ್ನೋದಕ್ಕಿಂತ, ಹೊಟ್ಟೆಗೆ ಹೋಗುತ್ತಾ, ಹೋದಮೇಲೆ ಯಾರು ನೋಡ್ಕೊಳ್ತಾರೆ ಅಂತ ಹೇಳಿ" ಅಂದರು.

ನೋಡಿಕೊಳ್ಳುವುದು ಅಂದರೆ ತೂಕ. ದಿನಾ ಬೆಳಿಗ್ಗೆ ಎದ್ದು, ಒಂದಕ್ಕೆ ಹೋಗಿ ಬಂದು, ಚಾ ಕುಡಿಯುವ ಮೊದಲು, ಅದೇ ಲುಂಗಿ ಅದೇ ಬನಿಯನ್ನಿನಲ್ಲಿ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ಕಾಲು ಊದಿದ್ದು ಕಣ್ಣಿಗೆ ಕಾಣುವ ಮೊದಲೇ ತಕ್ಕಡಿಗೆ ಗೊತ್ತಾಗುತ್ತದೆ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಫೋನ್ ಮಾಡಿ ಅಂದರು. ನಾನು ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟೆ. ಅಪ್ಪಯ್ಯ ನಾಲ್ಕು ದಿನವೂ ಮುಟ್ಟಲಿಲ್ಲ. "ಎಂತ ಇಲ್ಲೆ ಹೆಣೆ, ನಾಳೆ ಕಾಂಬ" ಅನ್ನುವುದೇ ಉತ್ತರ.

ಐದನೇ ದಿನ, ಏನೋ ಸಿಟ್ಟಿನಲ್ಲಿ, "ಗಲ್ಲಾದಲ್ಲಿ ಕೂತಾಗ ರಾತ್ರಿ ಲೆಕ್ಕ ಹಾಕದೆ ಬಾಗಿಲು ಹಾಕ್ತಿದ್ಯಾ?" ಅಂತ ಕೇಳಿಬಿಟ್ಟೆ. ಅಪ್ಪಯ್ಯ ಮಾತಾಡಲಿಲ್ಲ. ಸಂಜೆ ತಾವೇ ಕೆಳಗಿಳಿದು ಹೋಗಿ ಉದ್ದದ ರಟ್ಟಿನ ಪುಸ್ತಕ ತಂದರು, ಹೋಟೆಲಿನಲ್ಲಿ ಇಡುತ್ತಿದ್ದಂಥದ್ದೇ. ಸ್ಕೇಲ್ ಇಟ್ಟು ಗೆರೆ ಎಳೆದರು. ತಾರೀಕು, ತೂಕ, ಮಾತ್ರೆ ತಗೊಂಡ ಗಂಟೆ, ಬೆಳಗಿನ ಬಿ.ಪಿ., ಷರಾ. ಮೊದಲ ಸಾಲಿನಲ್ಲಿ ಆಸ್ಪತ್ರೆಯಿಂದ ಬಂದ ದಿನದ ತೂಕ, 61.4. ಅದಕ್ಕೆ ಅವರು ಕೊಟ್ಟ ಹೆಸರು ಓಪನಿಂಗ್. ಡಾಕ್ಟರು ಡ್ರೈ ವೇಯ್ಟ್ ಅಂತಾರಲ್ಲ, ಬಾವು ಪೂರ್ತಿ ಇಳಿದಾಗಿನ ತೂಕ, ಅದೇ ಇದು.

ಆಮೇಲೆ ಒಂದು ಕೆಲಸ ಮಾಡಿದರು, ಅದು ನನಗೆ ಯಾವತ್ತೂ ಹೊಳೆಯುತ್ತಿರಲಿಲ್ಲ. ಅಂಗಡಿಯಿಂದ ತಂದ ಐದು ಕಿಲೋ ಅಕ್ಕಿ ಚೀಲವನ್ನು ಹಿಡಿದುಕೊಂಡು ತಕ್ಕಡಿ ಹತ್ತಿದರು, ಚೀಲ ಇಳಿಸಿ ಮತ್ತೆ ಹತ್ತಿದರು. ವ್ಯತ್ಯಾಸ ಐದು ಬಂತು. ತಕ್ಕಡಿಯನ್ನು ಬಾಲ್ಕನಿಯ ಕಡೆ, ಓರೆ ಹಾಸಿನ ಮೇಲೆ ಇಟ್ಟು ನೋಡಿದರು. ನಾಲ್ಕು ಚಿಲ್ಲರೆ. "ಇದ್ ಇಲ್ಲೇ ಇರ್ಲಿ, ಯಾರೂ ಸರಿಸ್ಬೇಡಿ" ಅಂತ ಅಡುಗೆಮನೆ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಚೌಕ ಬರೆದರು. ಬೇರೆಯವರ ತಕ್ಕಡಿ ನಂಬಿ ಹೋಟೆಲ್ ನಡೆಸಿದವರು ಉಂಟಾ ಅಂತ ಅವರ ಪ್ರಶ್ನೆ.

ಪುಸ್ತಕ ಶುರುವಾದ ಎರಡನೇ ವಾರದಲ್ಲಿ ಕಳ್ಳ ಸಿಕ್ಕಿಬಿದ್ದ. ಶನಿವಾರ ಏನೂ ತಪ್ಪಿಸದೆ ತೂಕ 900 ಗ್ರಾಂ ಏರಿತ್ತು. ಷರಾದಲ್ಲಿ ಅಪ್ಪಯ್ಯನೇ ಪ್ರಾಮಾಣಿಕವಾಗಿ ಬರೆದಿದ್ದರು: 'ಗಂಜಿ, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ, ಒಣ ಮೀನ್ ಚಟ್ನಿ.' ಕುಚ್ಚಲಕ್ಕಿ ಗಂಜಿಗೆ ಇದೆಲ್ಲ ಇಲ್ಲದಿದ್ದರೆ ಅದು ಗಂಜಿಯೇ ಅಲ್ಲ, ಗೊತ್ತು. ಆದರೆ ಈ ಮದ್ದು ಇರುವುದು ಆರೆಂಟು ಗಂಟೆ. ಅದು ಇಳಿದ ಮೇಲೆ ಉಳಿದ ಹೊತ್ತೆಲ್ಲ ಕಿಡ್ನಿ ಸೇಡು ತೀರಿಸುವವರ ಹಾಗೆ ಉಪ್ಪು ಹಿಡಿದಿಟ್ಟುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಉಪ್ಪು ಬಡಿಸಿದರೆ ಬೆಳಿಗ್ಗೆ ಹೋದದ್ದೆಲ್ಲ ಸಂಜೆ ವಾಪಸ್. ಮಾತ್ರೆ ಕೆಲಸ ಮಾಡುತ್ತಿಲ್ಲ ಅಂತ ಡೋಸ್ ಏರಿಸುವ ಮೊದಲು ಉಪ್ಪಿನ ಭರಣಿ ಒಮ್ಮೆ ನೋಡಬೇಕು. ಅಮ್ಮ ನಾಲ್ಕು ದಿನ ಮುಖ ಊದಿಸಿಕೊಂಡಿದ್ದಳು. ಅದಕ್ಕೆ ಮಾತ್ರೆ ಇಲ್ಲ.

ಅಂದ ಹಾಗೆ, ಉಪ್ಪು ಬಿಡಲಾಗದವರಿಗೆ ಅಂತ ಅಂಗಡಿಯಲ್ಲಿ ಲೋ ಸೋಡಿಯಂ ಉಪ್ಪು ಸಿಗುತ್ತದಲ್ಲ, ಅದರಲ್ಲಿ ಸೋಡಿಯಂನ ಒಂದು ಪಾಲಿನ ಬದಲು ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಸೋತವರಿಗೆ, ಪೊಟ್ಯಾಸಿಯಂ ಹಿಡಿದಿಡುವ ಮದ್ದು ತಗೊಳ್ಳುವವರಿಗೆ ಅದು ಅಪಾಯ. ಕೇಳದೆ ತರಬೇಡಿ.

ಕೆಳಗಿನ ಗೆರೆ

ಇಷ್ಟಕ್ಕೆ ಮುಗಿದಿದ್ದರೆ ಇದು 'ಮಾತ್ರೆ ತಪ್ಪಿಸಬೇಡಿ' ಅನ್ನುವ ಕತೆ ಆಗುತ್ತಿತ್ತು. ಮರುವರ್ಷ ಜೂನ್‌ನಲ್ಲಿ ಅದು ತಲೆಕೆಳಗಾಯಿತು. ಇದರಲ್ಲಿ ತಪ್ಪು ನನ್ನದೇ.

ಮೊದಲ ಮಳೆ, ನಲ್ಲಿಯಲ್ಲಿ ಕೆಂಪು ನೀರು. ಅಪ್ಪಯ್ಯನಿಗೆ ಹೊಟ್ಟೆ ಕೆಟ್ಟಿತು. ವಾಂತಿ, ಭೇದಿ, ಎರಡು ದಿನ. ಏನೂ ಸೇರುತ್ತಿರಲಿಲ್ಲ. ನಾನು ಮಾತ್ರೆ ಮಾತ್ರ ಬಿಡಲಿಲ್ಲ. ಎದುರಿಗೆ ನಿಂತು, ನುಂಗಿದ್ದನ್ನು ನೋಡಿ, ಬಾಯಿ ತೆರೆಸಿ, 7.40ರ ಲೋಕಲ್‌ಗೆ ಓಡುತ್ತಿದ್ದೆ. ಹಿಂದಿನ ವರ್ಷದ ಪೊಟ್ಟಣ ಕಣ್ಣ ಮುಂದೆ ಇತ್ತಲ್ಲ. ಮೊಣಕಾಲು ನೋವು ಅಂದಾಗ ಡಬ್ಬಿಯಲ್ಲಿದ್ದ ನೋವಿನ ಮಾತ್ರೆಯನ್ನೂ ಕೊಟ್ಟೆ. ಪುಸ್ತಕದಲ್ಲಿ ತೂಕ 61.2, 60, 58.7. ನಿಜ ಹೇಳುತ್ತೇನೆ, ಆ ಇಳಿಯುವ ಅಂಕಿಗಳನ್ನು ನೋಡಿ ನನಗೆ ಸಮಾಧಾನವಾಗಿತ್ತು. ತೂಕ ಏರುತ್ತಿಲ್ಲ, ಅಂದರೆ ನೀರು ತುಂಬುತ್ತಿಲ್ಲ, ಅಂದರೆ ಎಲ್ಲ ಸರಿ. ಏರಿದರೆ ಫೋನ್ ಮಾಡಿ ಅಂದಿದ್ದರು. ಇಳಿದರೆ ಏನು ಅಂತ ನಾನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಮೂರನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಬಚ್ಚಲಿನ ತನಕ ಹೋದವರು ಅಲ್ಲೇ ಕುಸಿದರು. ತಲೆ ಬಾಗಿಲಿಗೆ ಬಡಿದು ಹುಬ್ಬು ಒಡೆಯಿತು. ಕಾಲಿನ ಮೀನಖಂಡ ಕಲ್ಲಿನ ಹಾಗೆ ಸೆಟೆದುಕೊಂಡಿತ್ತು. "ಇವತ್ತ್ ಯಾವ ವಾರ?" ಅಂತ ಮೂರು ಸಲ ಕೇಳಿದರು. ವಾರ ಮರೆಯುವ ಮನುಷ್ಯ ಅಲ್ಲ ಅವರು.

ರಿಪೋರ್ಟ್ ಬಂತು. ಸೋಡಿಯಂ 126, ಇರಬೇಕಾದದ್ದು 135ರ ಮೇಲೆ. ಪೊಟ್ಯಾಸಿಯಂ 2.9, ಇರಬೇಕಾದದ್ದು 3.5ರಿಂದ 5ರ ಒಳಗೆ. ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ 1.2 ಇದ್ದದ್ದು 2.1, ಅದು ಏರಿದರೆ ಕಿಡ್ನಿ ಸೋತ ಹಾಗೆ. ಮೈಯಲ್ಲಿ ನೀರೇ ಇಲ್ಲದವರಿಂದ ನಾವು ದಿನಾ ನೀರು ತೆಗೆಯುತ್ತಿದ್ದೆವು. ಪೊಟ್ಯಾಸಿಯಂ ಅಷ್ಟು ಇಳಿದರೆ ಹೃದಯದ ತಾಳವೇ ತಪ್ಪಬಹುದು. ಮೊದಲೇ ಸೋತ ಹೃದಯ, ಡಿಗಾಕ್ಸಿನ್ ಅನ್ನುವ ಹೃದಯದ ಮದ್ದು ತಗೊಳ್ಳುವವರಾದರೆ ಇನ್ನೂ ಕಷ್ಟ. ಮಾನಿಟರ್ ಹಾಕಿ ಎರಡು ದಿನ ಇಟ್ಟುಕೊಂಡರು, ನಿಧಾನ ಸಲೈನ್, ನಿಧಾನ ಪೊಟ್ಯಾಸಿಯಂ. ಹಿಂದಿನ ವರ್ಷ ಅದೇ ಆಸ್ಪತ್ರೆಯಲ್ಲಿ ನೀರು ತೆಗೆದರು, ಈ ವರ್ಷ ನೀರು ಹಾಕಿದರು. ಮನುಷ್ಯ ಒಬ್ಬನೇ, ಮಾತ್ರೆಯೂ ಅದೇ ಜಾತಿಯದು.

ನೋವಿನ ಮಾತ್ರೆಯ ವಿಷಯ ಹೇಳಿದಾಗ ಡಾಕ್ಟರು ತಲೆಗೆ ಕೈ ಹಚ್ಚಿದರು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಇರುವ ಮಾತ್ರೆಗಳು ಒಂದು ಕಡೆ ಉಚ್ಚೆ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತವೆ, ಇನ್ನೊಂದು ಕಡೆ ಕಿಡ್ನಿಗೆ ಹೋಗುವ ರಕ್ತ ಕಡಿಮೆ ಮಾಡುತ್ತವೆ. ಅಪ್ಪಯ್ಯ ಹೃದಯಕ್ಕೆ ಅಂತ ರಾಮಿಪ್ರಿಲ್ ಬೇರೆ ತಗೊಳ್ಳುತ್ತಾರೆ. ಈ ಮೂರೂ ಸೇರಿ, ಮೇಲಿಂದ ಭೇದಿ. ಕಿಡ್ನಿ ಪಾಪ ಏನು ಮಾಡಬೇಕು? ನಮ್ಮ ಮನೆಗಳಲ್ಲಿ ನೋವಿನ ಮಾತ್ರೆ ಅಂದರೆ ಮದ್ದು ಅಂತಲೇ ಲೆಕ್ಕ ಇಲ್ಲ, ಅಲ್ವಾ? ಚಾಕೊಲೇಟ್ ತರ ಡಬ್ಬಿಯಲ್ಲಿ ಬಿದ್ದಿರುತ್ತದೆ. ಈಗ ಮೊಣಕಾಲಿಗೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಕೇಳಿಯೇ.

ಆ ಸಲ ಬಿಡುಗಡೆ ಚೀಟಿಯ ಹಿಂದೆ ಡಾಕ್ಟರು ಪೆನ್ನಿನಲ್ಲಿ ಬರೆದುಕೊಟ್ಟರು: ವಾಂತಿ, ಭೇದಿ, ಜ್ವರ ಬಂದು ಊಟ ನೀರು ಸೇರದಿದ್ದರೆ ಅವತ್ತೇ ಫೋನ್ ಮಾಡಿ, ಯಾವ ಮಾತ್ರೆ ನಿಲ್ಲಿಸಬೇಕು, ಎಷ್ಟು ದಿನ ಅಂತ ಹೇಳುತ್ತೇವೆ. ಎದ್ದು ನಿಂತಾಗ ತಲೆ ತಿರುಗಿದರೂ ಫೋನ್. ಡೋಸ್ ಬದಲಾದರೆ ಒಂದೆರಡು ವಾರದಲ್ಲಿ ರಕ್ತ ಪರೀಕ್ಷೆ, ಎಲ್ಲ ಸರಿ ಇದ್ದರೂ ಕೆಲವು ತಿಂಗಳಿಗೊಮ್ಮೆ. ಹಿಂದಿನ ಹತ್ತು ತಿಂಗಳಲ್ಲಿ ನಾವು ಒಮ್ಮೆಯೂ ಮಾಡಿಸಿರಲಿಲ್ಲ. ತೂಕ ಬರೆಯುತ್ತಿದ್ದೇವಲ್ಲ ಅನ್ನುವ ಧೈರ್ಯ. ತಕ್ಕಡಿಗೆ ನೀರು ಗೊತ್ತಾಗುತ್ತದೆ, ಪೊಟ್ಯಾಸಿಯಂ ಗೊತ್ತಾಗುವುದಿಲ್ಲ.

ಮನೆಗೆ ಬಂದ ಅಪ್ಪಯ್ಯ ಪುಸ್ತಕ ತೆಗೆದು ಹೊಸ ಪುಟದಲ್ಲಿ ಎರಡು ಕೆಂಪು ಗೆರೆ ಎಳೆದರು. ಮೇಲೆ 63.4, ಕೆಳಗೆ 59.4. "ಗಲ್ಲಾದಲ್ಲಿ ದುಡ್ಡ್ ಕಮ್ಮಿ ಆರೂ ತಪ್ಪೇ, ಜಾಸ್ತಿ ಆರೂ ತಪ್ಪೇ" ಅಂದರು. ಮುವ್ವತ್ತು ವರ್ಷ ಗಲ್ಲಾದಲ್ಲಿ ಕೂತವರಿಗೆ ಗೊತ್ತಿದ್ದದ್ದು ಬ್ಯಾಂಕಿನಲ್ಲಿ ಕೆಲಸ ಮಾಡುವ ನನಗೆ ಹೊಳೆದಿರಲಿಲ್ಲ. ಆ ಗೆರೆಗಳು ಅವರ ಮೈಗೆ, ಅವರ ಡಾಕ್ಟರು ಒಪ್ಪಿದ ಗೆರೆಗಳು. ನಿಮ್ಮ ಮನೆಯವರಿಗೆ ಬೇರೆಯೇ ಇರುತ್ತವೆ, ಕೇಳಿ ಎಳೆದುಕೊಳ್ಳಿ.

ಇನ್ನೊಂದು ಸಣ್ಣ ಗಂಡಾಂತರ ದಾಟಿದ್ದೂ ಪುಸ್ತಕದಿಂದಲೇ. ಒಂದು ತಿಂಗಳು ಮೆಡಿಕಲ್‌ನ ಹುಡುಗ ಅದೇ ಹೆಸರಿನ, ಅದೇ ಬಣ್ಣದ ಸ್ಟ್ರಿಪ್ ಕೊಟ್ಟ. ಹೆಸರಿನ ಕೊನೆಗೆ ಸಣ್ಣದಾಗಿ 'ಪ್ಲಸ್' ಅಂತ ಇತ್ತು. ಪ್ಲಸ್ ಅಂದರೆ ಜೊತೆಗೆ ಸ್ಪೈರೊನೊಲ್ಯಾಕ್ಟೋನ್. ಅದು ಪೊಟ್ಯಾಸಿಯಂ ಹಿಡಿದಿಡುವ ಮದ್ದು. ಎಷ್ಟೋ ಜನಕ್ಕೆ ಬೇಕಾದದ್ದೇ, ಡಾಕ್ಟರು ನೋಡಿ ಕೊಟ್ಟರೆ. ಆದರೆ ಕ್ರಿಯಾಟಿನಿನ್ ಏರಿ ಇಳಿದವರಿಗೆ, ರಾಮಿಪ್ರಿಲ್ ಜೊತೆಗೆ, ಯಾರೂ ಹೇಳದೆ ಸೇರಿದರೆ ಪೊಟ್ಯಾಸಿಯಂ ಈ ಸಲ ಇನ್ನೊಂದು ಕಡೆ ಓಡುತ್ತದೆ. ಅಪ್ಪಯ್ಯ ಪ್ರತಿ ಹೊಸ ಸ್ಟ್ರಿಪ್‌ನ ಹೆಸರನ್ನು ಅಕ್ಷರ ಅಕ್ಷರ ನೋಡಿ ಪುಸ್ತಕಕ್ಕೆ ಇಳಿಸುತ್ತಾರೆ, ಹೋಟೆಲಿಗೆ ಬಂದ ಸಾಮಾನಿನ ಬಿಲ್ ತಾಳೆ ನೋಡುವ ಹಾಗೆ. 'ಪ್ಲಸ್ ಎಂತ?' ಅಂತ ಷರಾದಲ್ಲಿ ಬರೆದು ನಾನು ಬರುವ ತನಕ ಮಾತ್ರೆ ಮುಟ್ಟದೆ ಕೂತಿದ್ದರು. ವಾಪಸ್ ಕೊಡಲು ಹೋದಾಗ ಹುಡುಗ "ಸೇಮ್ ಹೀ ಹೈ ಆಂಟಿ" ಅಂದ. ಅವನಿಗೂ ಗೊತ್ತಿರಲಿಲ್ಲ. ಆಂಟಿ ಅಂದದ್ದಕ್ಕೂ ಸೇರಿಸಿ ಸ್ವಲ್ಪ ಜಾಸ್ತಿಯೇ ಬೈದೆ.

ಆಟಕ್ಕೆ ಹೋಗುವ ದಿನ

ಮೂಲ ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು. ಲೋಕಲ್‌ನಲ್ಲಿ ಶೌಚಾಲಯ ಇಲ್ಲ, ಆಟ ಬಿಡುವ ಹಾಗಿಲ್ಲ. ಇದನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಲು ಅಪ್ಪಯ್ಯನಿಗೆ ಒಂದು ವರ್ಷ ಬೇಕಾಯಿತು. ನಾಚಿಕೆ. ಕೇಳಿದ್ದೂ ನಾನು ಬಿಲ್ ಕಟ್ಟಲು ಹೊರಗೆ ಹೋದಾಗ. ಉತ್ತರ ಎಷ್ಟು ಸುಲಭ ಇತ್ತು ಅಂದರೆ ನನಗೆ ಸಿಟ್ಟೇ ಬಂತು. "ಕಾಕಾ, ಡೋಸ್ ಬಿಡಬೇಡಿ, ಗಂಟೆ ಬದಲಾಯಿಸಿ." ಮಧ್ಯಾಹ್ನ ಹೊರಡುವುದಾದರೆ ಬೆಳಗಿನ ಜಾವ ಎದ್ದು ತಗೊಳ್ಳಿ, ಹೊರಡುವಷ್ಟರಲ್ಲಿ ಜೋರು ಇಳಿದಿರುತ್ತದೆ. ಬೆಳಿಗ್ಗೆಯೇ ಹೊರಟರೆ ಮಧ್ಯಾಹ್ನ ವಾಪಸ್ ಬಂದು ತಗೊಳ್ಳಿ, ನಾಲ್ಕು ಗಂಟೆಯ ಒಳಗೆ. ರಾತ್ರಿ ಮಾತ್ರ ಬೇಡ. ಕತ್ತಲೆಯಲ್ಲಿ ನಾಲ್ಕು ಸಲ ಎದ್ದು ಬಿದ್ದರೆ ಸೊಂಟ ಮುರಿಯುತ್ತದೆ. ಅಷ್ಟೇ. ಈ ಒಂದು ಮಾತು ಮೊದಲ ಚೀಟಿಯಲ್ಲೇ ಇದ್ದಿದ್ದರೆ! ಚೀಟಿಯಲ್ಲಿ '1-0-0' ಅಂತ ಇತ್ತು, ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ, ರಾತ್ರಿ ಇಲ್ಲ. ಆ ಒಂದು ಎಷ್ಟು ಗಂಟೆಯದ್ದು, ಅವತ್ತು ಈ ಮನುಷ್ಯನಿಗೆ ಎಲ್ಲಿಗೆ ಹೋಗಲಿಕ್ಕಿದೆ ಅಂತ ಯಾರೂ ಕೇಳಿರಲಿಲ್ಲ. ನಾನೂ ಸೇರಿ.

ಈ ಜುಲೈಯಲ್ಲಿ ಒಂದು ಭಾನುವಾರ ನಾನೂ ಜೊತೆಗೆ ಹೋದೆ. ಸ್ಟೇಶನ್ನಿಗೆ ಹೋಗುವ ರಿಕ್ಷಾದಲ್ಲಿ ಅಪ್ಪಯ್ಯ ಲೆಕ್ಕ ಒಪ್ಪಿಸಿದರು. 4.15ಕ್ಕೆ ಮಾತ್ರೆ, ಹತ್ತು ಗಂಟೆಯೊಳಗೆ ಏಳು ಸಲ, ಆಮೇಲೆ ಒಂದು. ರಿಕ್ಷಾದವನು ಕನ್ನಡಿಯಲ್ಲಿ ನೋಡಿದ. ಅವನಿಗೆ ಭಾಷೆ ಬರಲಿಕ್ಕಿಲ್ಲ, ಪುಣ್ಯ. ದಾದರ್‌ನಲ್ಲಿ ಇಳಿದು, ಸ್ಲೋ ಹಿಡಿದು, ಮಳೆಯಲ್ಲಿ ಕೊಡೆ ಬಿಡಿಸಿ ಹಾಲ್ ತಲುಪಿದಾಗ ಪೀಠಿಕೆ ಶುರುವಾಗಿತ್ತು. ಅಪ್ಪಯ್ಯ ಅಭ್ಯಾಸದಂತೆ ತುದಿಯ ಕುರ್ಚಿ ಹಿಡಿದರು, ಬಾಗಿಲಿಗೆ ಹತ್ತಿರ. ಆಟದ ನಡುವೆ ಒಂದೇ ಸಲ ಎದ್ದರು. ಎಲ್ಲಿಗೆ ಅಂತ ನಾನು ತಿರುಗಿ ನೋಡಿದೆ. ಚಾದ ಕೌಂಟರಿನ ಹತ್ತಿರ ನಿಂತು ಊರಿನವರೊಬ್ಬರ ಕಾಲಿಗೆ ಬಗ್ಗಿ, ಪಾದದ ಮೇಲೆ ಬೆರಳಿಟ್ಟು ಒತ್ತಿ ನೋಡುತ್ತಿದ್ದರು.